ಗಣಿಯವನ ಬೂಟು

ಆಸ್ಟ್ರೇಲಿಯಾದ ಬ್ಯಾಲರಾಟ್‌ನ ಬೇಕರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ನಾಟಕದ ಉಡುಪು ಹೊಲಿಯುವ ಲೋರ್ನಾ ಮತ್ತು ಕುದುರೆಯ ಜೀನು ಹೊಲಿದು ಮುದುಕನಾದ ಕ್ಲ್ಯಾರಿ ಇದ್ದರು. ಶನಿವಾರದ ನಾಟಕದಲ್ಲಿ ಚಿನ್ನದ ಗಣಿಯವನು ತೊಡಬೇಕಾದ ಹಳೆಯ ಬೂಟುಗಳನ್ನು ಅವನು ಚೀಲದಿಂದ ತೆಗೆದ.

“ಅಟ್ಟೆ ಕಿತ್ತೋಗಿತ್ತು, ಚರ್ಮ ಸೀಳಿಹೋಗಿತ್ತು. ಹೊಲಿದಿದೀನಿ, ಈಗ ಕುಣಿದ್ರೂ ಬಿಟ್ಕೊಳ್ಳಲ್ಲ.”

“ಇಷ್ಟು ಹೊಳೀತಿದ್ರೆ ಹೆಂಗೆ ಮಾರಾಯ? ಗಣಿಯವನು ಮದುವೆಗೆ ಹೊರಟ ಅಂತ ಜನ ನಗ್ತಾರೆ. ನಾಟಕ ಕೆಟ್ಟುಹೋಗುತ್ತೆ.”

“ಅದು ಎಣ್ಣೆ, ನಾಳೆಗೆ ಚರ್ಮ ಹೀರ್ಕೊಳ್ಳುತ್ತೆ. ಬೈಯೋ ಮೊದ್ಲು ಮುಂದಿನ ತುದಿ ನೋಡು.”

“ಇಲ್ಲಿ ಮಾತ್ರ ಯಾಕೆ ಹಿಂಗೆ ಸವೆದಿದೆ?”

“ಅಲ್ಲಿ ನಾನು ಕೈ ಹಚ್ಚಿಲ್ಲ. ಸುರಂಗದಲ್ಲಿ ಮಂಡಿಯೂರಿ ಅಗೆಯೋನ ಬೂಟು ಬೆರಳ ಹತ್ರಾನೇ ಸವೆಯೋದು. ನಮ್ಮಪ್ಪಂದೂ ಹಂಗೇ ಇತ್ತು.”

ಲೋರ್ನಾ ಆ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

“ನಮ್ಮ ನಟ ಒಂದು ತಿಂಗಳಿಂದ ತಾಲೀಮಲ್ಲಿ ನಿಂತ್ಕೊಂಡೇ ಅಗೀತಿದಾನಲ್ಲೋ.”

“ಇದನ್ನ ತೋರಿಸು. ತಾನಾಗೇ ಬಗ್ತಾನೆ.”

ಅವರ ಸರದಿ ಬಂತು. ಲೋರ್ನಾ ಒಂದು ಮಾಂಸದ ಪೈ ಕೊಂಡು ಅವನ ಕೈಗಿಟ್ಟಳು. ಚೀಲವನ್ನು ಅವನಿಗೇ ಬಿಟ್ಟು, ಬೂಟುಗಳನ್ನು ಎದೆಗೆ ಅವಚಿಕೊಂಡು ರಂಗಮಂದಿರದ ಕಡೆ ಬಿರಬಿರನೆ ನಡೆದಳು.