ಹನ್ನೆರಡನೇ ಮನೆಯ ಕೋಳಿ

ಹನ್ನೆರಡು ಮನೆ, ಮುಸುರೆ ತಿನ್ನೋಕೆ ಮನೆಗೊಂದು ಕೋಳಿ, ವರ್ಷ ಪೂರ್ತಿ ಜೀವಂತ. ಇಷ್ಟು ತೋರಿಸಿದರೆ ಇಡೀ ಬೀದಿಗೆ ಕಸದ ತೆರಿಗೆ ಅರ್ಧ. ಒಂದು ಕೋಳಿ ಕಮ್ಮಿಯಾದರೂ ಎಲ್ಲರೂ ಪೂರ್ತಿ ಕಟ್ಟಬೇಕು. ಕರಾರು ಇಷ್ಟೇ ತಾನೇ, ಇನ್‌ಸ್ಪೆಕ್ಟರ್ ಸಾಹೇಬ್ರೆ? ಹನ್ನೊಂದು ಮನೆ ನೋಡಿದ್ರಿ, ಹನ್ನೊಂದು ಕೋಳಿ ಎಣಿಸಿದ್ರಿ. ಉಳಿದದ್ದು ನನ್ನದು, ಈ ಎವಾರಿಸ್ತೊನ ಬಡಮನೆ. ಮೊದಲು ಕೂತ್ಕೊಳ್ಳಿ... ಅಯ್ಯೋ, ಆ ಕುರ್ಚಿ ಬೇಡ, ಅದು ಹಿತ್ತಿಲ ಕಡೆ ಮುಖ, ಬಿಸಿಲು ಹೊಡೆಯುತ್ತೆ. ಇಲ್ಲಿ, ಬೀದಿ ಕಡೆ ತಿರುಗಿ.

ಕೋಳಿನಾ? ಇದೆ ಇದೆ, ಎಲ್ಲಿಗೆ ಹೋಗುತ್ತೆ! ಮೊಟ್ಟೆ ಇಡ್ತಾ ಇದೆ. ಅಂಥ ಹೊತ್ತಲ್ಲಿ ಗಂಡಸರು ಇಣುಕಬಾರದು.

ಯಾಕೆ ನಗ್ತೀರಿ?

ಹನ್ನೊಂದೂ ಎಡಗಾಲು ಕುಂಟುತ್ತವೆ ಅಂತಲಾ? ಅಕ್ಕತಂಗಿಯರಲ್ವಾ ಸ್ವಾಮಿ! ನಿಮ್ಮ ನಗರಸಭೆಯೇ ಒಂದೇ ಫಾರಮ್ಮಿಂದ ತಂದು ಹಂಚಿದ್ದು. ಮೂವತ್ತೆಂಟು ವರ್ಷ ಮೊಳೆ, ಬೀಗ, ತಂತಿ ಮಾರಿದವನು ನಾನು. ಒಂದು ಪೆಟ್ಟಿಗೆಯ ಬೀಗಗಳು ಕೆಟ್ಟರೆ ಎಲ್ಲವೂ ಒಂದೇ ಕಡೆ ಕೆಡ್ತವೆ... ಎಲ್ಲವೂ ಏದುಸಿರು ಬಿಡ್ತಿದ್ವಾ? ಜುಲೈ ಸೆಕೆ ಅಲ್ವಾ, ನೀವೂ ಬಿಡ್ತಿದ್ದೀರಿ.

ಮನೆಮನೆಯಲ್ಲೂ ಕಾಫಿ ಕುಡಿಸಿ ಆಮೇಲೆ ಕೋಳಿ ತೋರಿಸಿದ್ರು ಅಂತ ಸಿಟ್ಟಾ? ನಮ್ಮಲ್ಲಿ ಹಾಗೇ. ಪಕ್ಕದ ಅಸ್ಸುಂತಕ್ಕನಂತೂ ಕೋಳಿ ತೋರಿಸಿದ ಮೇಲೂ ಎರಡು ಗಂಟೆ ಮದುವೆ ಫೋಟೋ ತೋರಿಸಿದಳು. ಬರೀ ಹತ್ತು ನಿಮಿಷ ಹಿಡಿದು ಕೂರಿಸು ಅಂದಿದ್ದೆ, ಅವಳು... ಏನಿಲ್ಲ, ಏನಿಲ್ಲ. ಊಟ ಮಾಡಿ!

ಊಟ ಮಾಡಬಾರದು ಅನ್ನೋ ನಿಯಮ ಫೋಜಾ ಪಟ್ಟಣದ ಆಫೀಸಲ್ಲಿರಲಿ ಸಾಹೇಬ್ರೆ. ಊಟದ ಹೊತ್ತಿಗೆ ಬಂದವರನ್ನ ಖಾಲಿ ಹೊಟ್ಟೆಯಲ್ಲಿ ಕಳಿಸಿದ್ರೆ ನನ್ನ ಹೆಂಡತಿ ಎರ್ಮೆಲಿಂದಾ ಆರು ತಿಂಗಳು ಬೀದಿಗೆ ಮುಖ ತೋರಿಸಲ್ಲ. ನೀವು ಶುರು ಮಾಡಿ, ನಾನು ಆಮೇಲೆ. ಹೇಗಿದೆ ಸಾರು? ಇನ್ನೊಂದು ತಟ್ಟೆ! ನಾಚಿಕೆ ಬೇಡ.

ಯೋಜನೆ ಮಾತ್ರ ಚಿನ್ನದಂಥದ್ದು. ಮೊದಲು ಬೀದಿ ತುದಿಯ ತೊಟ್ಟಿ ತುಂಬಿ ತುಳುಕ್ತಿತ್ತು. ಈಗ ಪಾಸ್ತಾ, ಬ್ರೆಡ್ಡು, ಕಲ್ಲಂಗಡಿ ಸಿಪ್ಪೆ, ಹನ್ನೆರಡು ಮನೆಯ ಮುಸುರೆಯೂ ಅದರ ಹೊಟ್ಟೆಗೇ... ಅವುಗಳ! ಅವುಗಳ ಹೊಟ್ಟೆಗೆ ಅಂದೆ.

ಸರಿ ಸರಿ, ತರಿಸ್ತೀನಿ. ಎರ್ಮೆಲಿಂದಾ! ಅಸ್ಸುಂತಕ್ಕನ ಗೋಡೆಯಿಂದ... ಅಲ್ಲ, ಹಿತ್ತಿಲಿಂದ ಕೋಳಿ ಎತ್ಕೊಂಡು ಬಾ!... ಏನಂದೆ?... ಯಾವಾಗ?... ಅಲ್ವೇ ಮಾರಾಯ್ತಿ, ಕಡಲೆ ಸಾರು ಮಾಡು ಅಂತ ಬಡ್ಕೊಂಡಿದ್ನಲ್ಲ!... ‘ಸರಕಾರದ ಮನುಷ್ಯನಿಗೆ ಕಡಲೆ ಬಡಿಸಿ ಮಾನ ಕಳ್ಕೊಳ್ಳಲಾ’ ಅಂತೆ. ಕೇಳಿದ್ರಾ ಇವಳ ಮಾತು? ಕೇಳಿದ್ರಾ?

ಸಾಹೇಬ್ರೆ... ಚಮಚ ಯಾಕೆ ಕೆಳಗಿಟ್ರಿ?

ಬಯ್ಯಿರಿ, ಕೂಗಾಡಿ, ಅದು ನನಗೆ ಅಭ್ಯಾಸ. ಹೀಗೆ ತಟ್ಟೆಯ ಮೂಳೆ ಎಣಿಸಬೇಡಿ...

ಸರಿ. ಒಂದೇ ಇತ್ತು. ಇಡೀ ಬೀದಿಗೆ ಅದೊಂದೇ. ನೀವು ಕಾಫಿ ಕುಡೀತಿದ್ದಾಗ ಹಿತ್ತಿಲ ಗೋಡೆ ದಾಟಿ ಮನೆಯಿಂದ ಮನೆಗೆ ಬಂತು.

ಉಳಿದ ಹನ್ನೊಂದು ಹೇಗೆ ಹೋದವು ಅಂದ್ರೆ... ನಮ್ಮ ಬೀದಿಯ ಲೊರೆದಾನಾ ಹೆತ್ತಳು. ಬಾಣಂತಿಗೆ ಕೋಳಿ ಸಾರು ಕೊಡದೆ ಇರ್ತಾರಾ? ಒಂದು. ಪಾದ್ರಿಗೆ ಜ್ವರ ಬಂತು, ಎರಡು. ಆಮೇಲೆ ‘ಕೋಳಿ ಸಾಕಿ ಮಾದರಿಯಾದ ಬೀದಿ’ ಅಂತ ಹೊಗಳೋಕೆ ಮೇಯರ್ರೇ ಬಂದ್ರು, ಬ್ಯಾಂಡಿನವರ ಸಮೇತ. ಮೇಯರಿಗೆ ಕಡಲೆ ಬಡಿಸೋದಾ? ಒಂದೇ ಮಧ್ಯಾಹ್ನ ಏಳು ಹೋದವು. ಎರಡು ಸಲ ತಗೊಂಡು ತಿಂದ್ರು, ಪುಣ್ಯಾತ್ಮ! ಇನ್ನೆರಡು... ನನ್ನ ಭಾನುವಾರಗಳು. ಸುಳ್ಳು ಹೇಳಲ್ಲ.

ಆದ್ರೆ ಕೇಳಿ, ಇದು ವ್ಯಾಪಾರಿಯ ಮಾತು. ಹನ್ನೆರಡು ಕೋಳಿ ಇದ್ದಾಗ ಬೀದಿಯಿಂದ ವಾರಕ್ಕೆ ಆರು ಚೀಲ ಕಸ. ‘ಕೋಳಿ ತಿನ್ನುತ್ತೆ ಬಿಡು’ ಅಂತ ಎಲ್ಲರೂ ಸುರಿಯೋರು. ಒಂದೇ ಉಳಿದ ಮೇಲೆ ಎರಡು ಚೀಲ! ಪಾಪ, ಒಂದು ಪ್ರಾಣಿ ಎಷ್ಟು ತಿನ್ನುತ್ತೆ? ಅಳೆದು ಅಡುಗೆ ಮಾಡೋದು ಕಲಿತೆವು. ಕೋಳಿಗೆ ಯಾರು ಯಾವತ್ತು ಮುಸುರೆ ಹಾಕಬೇಕು ಅಂತ ಸರದಿ ಬರೆದು ಗೋಡೆಗೆ ಅಂಟಿಸಿದೆವು. ಹತ್ತು ವರ್ಷ ಮಾತು ಬಿಟ್ಟಿದ್ದ ಅಸ್ಸುಂತಕ್ಕ, ಲೊರೆದಾನಾ ಇಬ್ಬರೂ ಮುಸುರೆ ಬಟ್ಟಲು ಹಿಡಿದು ಒಂದೇ ಬಾಗಿಲಲ್ಲಿ ನಿಂತು ಜಗಳ ಆಡ್ತಾರೆ ಈಗ. ಜಗಳ ಅಂದ್ರೂ ಮಾತೇ ತಾನೇ?

ವರದಿ ಹಾಳೆ ತೆಗೆದ್ರಾ? ಹಾಗಾದ್ರೆ ನೇರ ಮಾತು. ಕಸ ಕಮ್ಮಿ ಆಗ್ಲಿ ಅಂತ ತಾನೇ ಕೋಳಿ ಕೊಟ್ಟದ್ದು? ಕಸ ಕಮ್ಮಿ ಆಯ್ತು. ಕೋಳಿ ಇಲ್ಲ ಅಂತ ಬರೀಬೇಕಾ, ಬರೀರಿ. ಆದ್ರೆ ಹನ್ನೆರಡನೇದು ಎಲ್ಲಿದೆ ಅಂತಾನೂ ಬರೀಬೇಕಾಗುತ್ತೆ. ಎರಡು ತಟ್ಟೆ ಮುಗಿಸಿದ್ದೀರಿ, ನಾನು ನೋಡಿದ್ದೀನಿ. ನಾನಿನ್ನೂ ಬಾಯಿಗೇ ಇಟ್ಟಿಲ್ಲ.

ಪೆನ್ನು ತೆಗೆದ್ರಾ... ಬರೆದ್ರಾ... ಕೊಡಿ ನೋಡೋಣ, ಕನ್ನಡಕ ಎಲ್ಲಿ ಹಾಳಾಗಿ ಹೋಯ್ತು... ‘ಹನ್ನೆರಡು. ಆರೋಗ್ಯವಾಗಿವೆ.’

ಏನು, ತಟ್ಟೆ ಮುಂದೆ ಒಡ್ಡುತ್ತಿದ್ದೀರಾ?... ಎರ್ಮೆಲಿಂದಾ! ಸಾಹೇಬರಿಗೆ ತೊಡೆ ಹಾಕೇ!

ಖರ್ಚು, ಒಂದು ಕೋಳಿ. ಗಳಿಕೆ, ಹನ್ನೆರಡು ಮನೆಗೆ ಅರ್ಧ ತೆರಿಗೆ.