ಫುಲ್ ಪ್ಲೇಟಿನ ಇನ್ನರ್ಧ

ಭಾನುವಾರ ಮಧ್ಯಾಹ್ನ ಪೋರ್ಚುಗಲ್ಲಿನ ಪೋರ್ತು ನಗರದ ನಮ್ಮ ಬೀದಿಯ ಹೋಟೆಲಿನ ಮುಂದೆ ಕ್ಯೂ ನಿಂತಿದ್ದೆ. ಇಲ್ಲಿ ಒಂದು ಫುಲ್ ಪ್ಲೇಟು ಇಬ್ಬರಿಗೆ ಸಾಕು. ನನ್ನ ಮುಂದಿದ್ದವರು ಹೊಳೆಯಾಚೆಯಿಂದ ಬಸ್ಸಿನಲ್ಲಿ ಬಂದ ಅತ್ತಿಗೆ, ನಾದಿನಿ.

"ಅತ್ತಿಗೆ, ನಂಗೆ ಬರೀ ಸೂಪ್ ಸಾಕು. ನೀವೂ ಹಾಫ್ ತಗೊಳ್ಳಿ."

"ಹಾಫ್ ಒಂಬತ್ತು ಯೂರೋ, ಫುಲ್ ಹನ್ನೆರಡು. ಮೂರು ಯೂರೋಗೆ ಇನ್ನೊಂದು ಊಟ ಸಿಗೋವಾಗ ಹಾಫ್ ಯಾರು ತಗೋತಾರೆ?"

"ಅಣ್ಣ ಇದ್ದಾಗ ಸರಿ. ಈಗ ಒಬ್ರೇ ಎಷ್ಟು ತಿಂತೀರ? ಫ್ರಿಜ್ ತುಂಬಾ ಬಾತುಕೋಳಿ ಅನ್ನದ ಡಬ್ಬಿಗಳೇ!"

"ಹಾಫ್ ಕೇಳಿದ್ರೆ ಸಪ್ಲೈಯರ್ ಫೌಸ್ತುಗೆ ಗೊತ್ತಾಗ್ಬಿಡುತ್ತೆ ಕಣೇ ಸೆಲೆಸ್ಟ್."

"ಏನು ಗೊತ್ತಾಗುತ್ತೆ?"

"ಇವ್ರು ತೀರಿಕೊಂಡ ಮೇಲೆ ಮೊದಲನೇ ಸಲ ಬಂದಾಗ, ಯಜಮಾನ್ರೆಲ್ಲಿ ಅಂದ. ಬಾಯೇ ಬರ್ಲಿಲ್ಲ. ಹುಷಾರಿಲ್ಲ, ಮನೇಲಿದ್ದಾರೆ ಅಂದ್ಬಿಟ್ಟೆ. ಅವರ ಪಾಲು ಅವನೇ ಕಟ್ಟಿಕೊಟ್ಟ."

"ಎಂಟು ತಿಂಗಳಾಯ್ತಲ್ಲ ಅತ್ತಿಗೆ!"

"ಪ್ರತಿ ವಾರ, ಪಾಪ ಮಲಗಿರೋರಿಗೆ ಅಂತ ಒಂದು ತುಂಡು ಜಾಸ್ತಿನೇ ಹಾಕ್ತಾನೆ."

"ಅಯ್ಯೋ ದೇವ್ರೇ! ಇವತ್ತಾದ್ರೂ ಹೇಳ್ಬಿಡಿ."

"ಹೇಗೆ ಹೇಳ್ಲಿ? ಯಾವತ್ತು ಹೋದ್ರು ಅಂತ ಕೇಳ್ತಾನಲ್ಲ."

"ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ, ನೋಡ್ತಿರಿ."

ಅಷ್ಟರಲ್ಲಿ ಫೌಸ್ತು ಬಾಗಿಲಿಗೆ ಬಂದ. ಕೈಯಲ್ಲಿ ಆಗಲೇ ಖಾಲಿ ಡಬ್ಬಿ ಹಿಡಿದಿದ್ದ.

"ಬನ್ನಿ ದಿಯೊಲಿಂಡಮ್ಮಾ, ಮೂಲೆ ಟೇಬಲ್ ಖಾಲಿ ಆಯ್ತು. ಯಜಮಾನ್ರು ಹೇಗಿದ್ದಾರೆ?"

ಅತ್ತಿಗೆ ತಲೆ ತಗ್ಗಿಸಿದಳು. ನಾದಿನಿ ಡಬ್ಬಿಯನ್ನೇ ನೋಡುತ್ತ ನಿಂತಳು.

"ನಮ್ಮಣ್ಣ ಹಾಗೇ ಇದ್ದಾನಪ್ಪ," ಎಂದಳು ಕೊನೆಗೆ. "ನಿನ್ನ ಬಾತುಕೋಳಿ ಅನ್ನ ಮಾತ್ರ ಒಂದಗುಳೂ ಬಿಡಲ್ಲ."

ಇಬ್ಬರೂ ಒಳಗೆ ಹೋದರು.