ಡಾಂಬರು ಬಳಿದ ತೊಲೆ

ರೈಲಿನಲ್ಲಿ ಬರುವ ಬಸುರಿ ಮಗಳನ್ನು ತುಮಕೂರಿನಲ್ಲಿ ಇಳಿಸಿಕೊಳ್ಳಲು ಹೊರಟ ಕರಿಬಸಮ್ಮ ಕೊರಟಗೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಮುಂದೆ ಬಡಗಿ ಬೊಮ್ಮಾಚಾರಿಯೂ ಅವನೂರಿನ ಕದರಪ್ಪನೂ ನಿಂತಿದ್ದರು.

“ತುಮಕೂರಾಚೆ ರೈಲು ಸೇತುವೆ ರಿಪೇರಿ ಮುಗೀತಾ, ಆಚಾರ್ರೇ?”

“ಮುಗೀತು. ತೊಲೆಗೆ ಉಳಿ ಇಟ್ರೆ ಹಿಡಿವರ್ಗೂ ಇಳೀತು. ಒಳಗೆಲ್ಲ ಲಡ್ಡು ಹಿಡ್ದು ಪುಡಿಯಾಗಿತ್ತು.”

“ಹೊಸ ತೊಲೆ ಹಾಕಿದ್ರಾ?”

“ಹೊಸ್ದು ಕೊಡಿ ಅಂತ ಕೇಳ್ದೆ. ಸಾಹೇಬ್ರು ನಾಳೆ ನೋಡಕ್ ಬತ್ತಾರೆ, ಟೈಮಿಲ್ಲ ಅಂದ ಮೇಸ್ತ್ರಿ. ಗರಗಸದ ಹೊಟ್ಟು ತುಂಬಿ ಮ್ಯಾಲೆ ಡಾಂಬರು ಬಳ್ದೆ.”

“ಸಾಹೇಬ್ರು ಏನಂದ್ರು?”

“ನನ್ನ ಬೆನ್ನು ತಟ್ಟುದ್ರು. ತೊಲೆ ತಟ್ಟಿದ್ರೆ ಗೊತ್ತಾಗ್ತಿತ್ತು.”

“ಈಗ ನೀವು ತುಮಕೂರಿಂದಾಚೆಗೆ ರೈಲಲ್ಲಿ ತಾನೇ ಹೋಗೋದು?”

“ಬಸ್ಸಲ್ಲೇ ಹೋಯ್ತೀನಿ ಕಣಪ್ಪಾ.”

ಬಸ್ಸು ಬಂತು. ಇಬ್ಬರೂ ನುಗ್ಗಿ ಹತ್ತಿದರು. ಕರಿಬಸಮ್ಮ ಹತ್ತಲಿಲ್ಲ. ಬಸುರಿಗೆ ಬಸ್ಸಿನ ಕುಲುಕಾಟ ಬೇಡ, ಆ ಸೇತುವೆ ದಾಟಿ ಬರುವ ರೈಲಿಗೇ ಹತ್ತಿಸಿ ಎಂದು ಬೀಗರಿಗೆ ಕಾಗದ ಬರೆಸಿದ್ದವಳು ಅವಳೇ.